ಗಿಣ್ಣದ ಡಬ್ಬಿ

ಬಸವಕಲ್ಯಾಣ
12 ಆಗಸ್ಟ್ 1997

ತಮ್ಮ ಮುಜಾಫರನಿಗೆ ಪಾರ್ವತಿಬಾಯಿಯ ಆಶೀರ್ವಾದ ಮತ್ತು ಬೈಗುಳ, ಎರಡೂ.

ನೀನು ರಾಯಚೂರು ಬಿಟ್ಟು ಹುಮನಾಬಾದಿನ ಕಚೇರಿಗೆ ಬಂದು ಒಂದು ತಿಂಗಳಾಯಿತಂತೆ. ಈ ಸುದ್ದಿಯನ್ನು ನನಗೆ ಹೇಳಿದವನು ಬಸ್ ಕಂಡಕ್ಟರ್ ಗೌಸ. ನೀನಲ್ಲ. ಮೂರು ವರ್ಷ ನನ್ನ ಕೊಟ್ಟಿಗೆಯ ಮೇಲಿನ ಕೋಣೆಯಲ್ಲಿದ್ದು, ದಿನಾ ಸಂಜೆ ನನ್ನ ಕೈಯಿಂದ ಒಂದು ಚೊಂಬು ಹಾಲು ಕುಡಿದು ಹೈಸ್ಕೂಲು ಮುಗಿಸಿದವನು ನೀನು. ನಿಮ್ಮ ಅಬ್ಬಾ ಅಲ್ಲಾಬಕ್ಷ ಭಾಯಿ ಹುಲಸೂರಿನಿಂದ ನಿನ್ನನ್ನು ತಂದು ಬಿಟ್ಟ ದಿನ, "ಬಾಯಿ, ಇಂವಾ ನಿಮ್ಮ ಮನಿ ಹುಡುಗ ಅಂತ ತಿಳ್ಕೋರಿ" ಅಂದಿದ್ದರು. ನಾನು ಹಾಗೆಯೇ ತಿಳಿದುಕೊಂಡೆ. ನೀನು ಮರೆತೆ.

ಇರಲಿ. ನಮ್ಮ ಗಂಗಿ ಈದಿದ್ದಾಳೆ, ಹೆಣ್ಣು ಕರು. ಗೌಸನ ಕೈಯಲ್ಲಿ ಗಿಣ್ಣ ಕಳಿಸಿದ್ದೇನೆ. ಬೆಲ್ಲ, ಏಲಕ್ಕಿ ಹಾಕಿ ಬೇಯಿಸಿದ್ದು. ನಿನ್ನ ಹೆಂಡತಿ ತಹಸೀನ್‌ಗೂ ಕೊಡು, ಒಬ್ಬನೇ ತಿನ್ನಬೇಡ. ಡಬ್ಬಿ ಮಾತ್ರ ವಾಪಸ್ ಬರಬೇಕು, ಖಾಲಿ ಬರಬಾರದು. ಏನಾದರೂ ಹಾಕು, ಒಂದು ಹಿಡಿ ಸಕ್ಕರೆಯಾದರೂ ಸರಿ. ಖಾಲಿ ಡಬ್ಬಿ ಕಳಿಸುವ ಹಕ್ಕು ಇರುವುದು ನನ್ನ ಮಗಳು ಪೂನಂಗೆ ಮಾತ್ರ. ಅವಳ ಡಬ್ಬಿ ಯಾವಾಗಲೂ ಬರುವುದು ಖಾಲಿ, ಹೋಗುವುದು ತುಂಬಿ.

ನೀನು ಈಗ ಬಂದರೆ ಕೊಟ್ಟಿಗೆಯ ಗುರುತು ಹತ್ತುವುದಿಲ್ಲ. ನಿನ್ನ ಕಾಲದಲ್ಲಿ ಐದು ಎಮ್ಮೆ ಇದ್ದವು, ಈಗ ಹದಿನೆಂಟು. ನೆಲಕ್ಕೆಲ್ಲ ಶಹಾಬಾದ್ ಕಲ್ಲು ಹಾಸಿಸಿದ್ದೇನೆ. ಬೋರಿಗೆ ಮೋಟಾರು ಕೂರಿಸಿದ್ದೇನೆ. ಪೈಪು ಹಿಡಿದರೆ ಸಾಕು, ಸಗಣಿ, ಗಂಜಲ ಎಲ್ಲ ಕಾಲು ತಾಸಿನಲ್ಲಿ ಗಟಾರಕ್ಕೆ ಹೋಗುತ್ತದೆ. ಪೂನಂನ ಮಗಳು ಸ್ನೇಹಲ್ ನನ್ನ ಹತ್ತಿರವೇ ಇದ್ದಾಳೆ, ಕೆಳಗಿನ ಓಣಿಯ ಶಾಲೆಯಲ್ಲಿ ಒಂದನೇ ಇಯತ್ತೆ.

ಒಮ್ಮೆ ಬಾ.

ನಿನ್ನ ಅಕ್ಕ

*

ಹುಮನಾಬಾದ್
20 ಆಗಸ್ಟ್ 1997

ಅಕ್ಕನವರಿಗೆ ನಿಮ್ಮ ಮುಜಾಫರ್ ಮಾಡುವ ಸಲಾಮು.

ನಾನು ತಪ್ಪಿತಸ್ಥ, ಒಪ್ಪಿದೆ. ಮನೆ ಹುಡುಕುವುದರಲ್ಲಿ, ಸಾಮಾನು ಇಳಿಸುವುದರಲ್ಲಿ ತಿಂಗಳು ಹೋಯಿತು. ಗಿಣ್ಣದಲ್ಲಿ ಅರ್ಧಕ್ಕಿಂತ ಹೆಚ್ಚು ತಹಸೀನಳೇ ತಿಂದಳು. "ಇಂಥಾ ಅಕ್ಕ ಅದಾರಂತ ನೀವು ಇಷ್ಟ ದಿನ ಹೇಳೇ ಇಲ್ಲಲ್ಲ" ಎಂದು ನನಗೆ ಅಲ್ಲೂ ಬೈಗುಳವೇ ಸಿಕ್ಕಿತು. ಡಬ್ಬಿಯಲ್ಲಿ ಮಾಣಿಕನಗರದ ಅಂಗಡಿಯ ಪೇಡೆ ಇಟ್ಟಿದ್ದೇನೆ. ಸ್ನೇಹಲ್‌ಗೆ ಮೊದಲು ಕೊಡಿ.

ಅಕ್ಕಾ, ಸುಮ್ಮನೆ ಕೇಳುತ್ತೇನೆ. ಗಟಾರಕ್ಕೆ ಹೋದ ಆ ನೀರು ಮುಂದೆ ಎಲ್ಲಿಗೆ ಹೋಗುತ್ತದೆ? ಎಮ್ಮೆ ಐದಿದ್ದಾಗ ಸಗಣಿಯನ್ನು ಬುಟ್ಟಿಯಲ್ಲಿ ಹೊತ್ತು ತಿಪ್ಪೆಗೆ ಹಾಕುತ್ತಿದ್ದೆವು. ಎಷ್ಟೋ ಬುಟ್ಟಿ ನಾನೂ ಹೊತ್ತಿದ್ದೇನೆ. ಅದಕ್ಕೆ ನೆನಪಾಯಿತು.

ಮುಜಾಫರ್

*

ಬಸವಕಲ್ಯಾಣ
3 ಸೆಪ್ಟೆಂಬರ್ 1997

ತಮ್ಮಾ,

ಪೇಡೆ ಮುಟ್ಟಿದವು. ನೀರು ಎಲ್ಲಿಗೆ ಹೋಗುತ್ತದೆ ಎಂದರೆ ಏನು ಹೇಳಲಿ? ಕೆಳಗೆ ಹೋಗುತ್ತದೆ. ಹಿತ್ತಲಿನ ಹಳ್ಳಕ್ಕೆ ಬಿದ್ದು, ಶಾಲೆಯ ಹಿಂದೆ ಹಾದು, ಊರಾಚೆ ಹೋಗುತ್ತದೆ. ಇಷ್ಟು ಓದಿ ದೊಡ್ಡ ನೌಕರಿ ಹಿಡಿದವನು ಗಟಾರದ ವಿಚಾರ ಕೇಳುತ್ತೀಯಲ್ಲ! ಎಮ್ಮೆ ಎಷ್ಟು ಹಾಲು ಕೊಡುತ್ತವೆ ಎಂದು ಕೇಳು, ಹೆಮ್ಮೆಯಿಂದ ಹೇಳುತ್ತೇನೆ.

ಸ್ನೇಹಲ್ ನಾಲ್ಕು ದಿನದಿಂದ ಮನೆಯಲ್ಲೇ ಇದ್ದಾಳೆ. ಶಾಲೆಗೆ ಹೋಗು ಎಂದು ನಾನೂ ಹೇಳಿಲ್ಲ. ನನ್ನ ಪಕ್ಕದಲ್ಲಿ ಮಲಗಿ, ನೀನು ಕೋಣೆಯಿಂದ ಇಳಿಯುವಾಗ ಕರಿ ಎಮ್ಮೆಯ ಮೇಲೆಯೇ ಬಿದ್ದ ಕಥೆ ಹೇಳಿಸಿಕೊಳ್ಳುತ್ತಾಳೆ. ದಿನಕ್ಕೆ ಮೂರು ಸಲ.

ಅಕ್ಕ

*

ಹುಮನಾಬಾದ್
24 ಸೆಪ್ಟೆಂಬರ್ 1997

ಅಕ್ಕಾ,

ಈ ಪತ್ರ ಓದಿ ಒಲೆಗೆ ಹಾಕಿಬಿಡಿ.

ಅಕ್ಟೋಬರ್ ಒಂಬತ್ತು, ಗುರುವಾರ, ನಮ್ಮ ಕಚೇರಿಯಿಂದ ಸಿರಾಜುದ್ದೀನ್ ಎಂಬುವರು ನಿಮ್ಮಲ್ಲಿಗೆ ಬರುತ್ತಾರೆ. ಹಳ್ಳಗಳ ನೀರು ಪರೀಕ್ಷೆ ಮಾಡುವುದು ನಮ್ಮ ಕಚೇರಿಯ ಕೆಲಸ. ಇದನ್ನು ಮೊದಲೇ ಹೇಳಬಾರದು, ಹೇಳುತ್ತಿದ್ದೇನೆ. ಅಂದು ಎಲ್ಲ ಸ್ವಚ್ಛವಾಗಿರಲಿ. ಇದಕ್ಕಿಂತ ಹೆಚ್ಚು ಬರೆಯಲಾರೆ. ಆ ದಿನ ನಾನು ಬರುವುದಿಲ್ಲ. ಬಂದರೆ ನಿಮ್ಮ ಎದುರು ಬಾಟಲಿ ಹಿಡಿದು ನಿಲ್ಲುವುದು ನನ್ನಿಂದ ಆಗದು.

ಮುಜಾಫರ್

*

ಬಸವಕಲ್ಯಾಣ
10 ಅಕ್ಟೋಬರ್ 1997

ತಮ್ಮಾ,

ನಿನ್ನ ಮಾನ ಉಳಿಸಿದ್ದೇನೆ, ನಿಶ್ಚಿಂತೆಯಿಂದಿರು. ನಿನ್ನೆ ನಸುಕಿನಲ್ಲೇ ಎದ್ದೆವು, ನಾನು ಮತ್ತು ಹಾಲು ಕರೆಯಲು ಬರುವ ಮುನ್ನಿ ಬೀ. ಮೋಟಾರು ಮೂರು ತಾಸು ಓಡಿತು. ದಿನಾ ತೊಳೆಯುವುದು ಬೇರೆ, ಇದು ಬೇರೆ. ಗೋಡೆಯ ಬದಿ ಗಟಾರದಲ್ಲಿ ವರ್ಷಗಟ್ಟಲೆ ಕೂತಿದ್ದ ಸಗಣಿಯನ್ನೂ ಕೋಲು ಹಾಕಿ ಎಬ್ಬಿಸಿ ನೂಕಿದೆವು. ಹದಿನೆಂಟು ಎಮ್ಮೆಗಳಿಗೂ ಮೈ ತೊಳೆದೆವು. ಬಾಗಿಲಿಗೆ ರಂಗೋಲಿ. ಆ ಕಲ್ಲಿನ ಮೇಲೆ ರೊಟ್ಟಿ ಹಾಕಿಕೊಂಡು ತಿನ್ನಬಹುದಿತ್ತು.

ಒಂಬತ್ತಕ್ಕೆ ನಿಮ್ಮ ಸಿರಾಜುದ್ದೀನ್ ಬಂದರು. ಒಳ್ಳೆಯ ಮನುಷ್ಯ, ಆದರೆ ವಿಚಿತ್ರ. "ಒಳಗ ಬರ್ರಿ ಸಾಹೇಬ್ರ, ಕೊಟ್ಟಿಗಿ ನೋಡ್ರಿ, ಚಾ ಕುಡೀರಿ" ಅಂದೆ. "ಚಾ ಬ್ಯಾಡ್ರಿ ಬಾಯಿ. ನಾ ನೆಲಾ ನೋಡಾಕ ಬಂದಿಲ್ಲ, ನೀರ ನೋಡಾಕ ಬಂದೇನಿ" ಎಂದು ಹಿತ್ತಲಿಗೆ ಹೋಗಿ, ಗಟಾರ ಹಳ್ಳಕ್ಕೆ ಬೀಳುವ ಬಾಯಿಗೆ ಬಾಟಲಿ ಹಿಡಿದರು. ನನ್ನ ಎದುರಿಗೇ ಅರಗು ಹಾಕಿ ಮುಚ್ಚಿ, ಸಹಿ ತೆಗೆದುಕೊಂಡು, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟರು. ಅಷ್ಟು ತೊಳೆದ ನೆಲವನ್ನು ತಿರುಗಿಯೂ ನೋಡಲಿಲ್ಲ. ನನಗೆ ಸ್ವಲ್ಪ ಬೇಜಾರಾಯಿತು.

ನಿನ್ನ ಪತ್ರ ಸುಟ್ಟಿಲ್ಲ. ತಮ್ಮನ ಪತ್ರ ಯಾರಾದರೂ ಸುಡುತ್ತಾರೆಯೇ? ಗೌಸನ ಕೈಯಲ್ಲಿ ಅದೇ ಡಬ್ಬಿ ತುಂಬ ತುಪ್ಪ ಕಳಿಸಿದ್ದೇನೆ, ನಿನ್ನೆಯ ಖುಷಿಗೆ.

ಅಕ್ಕ

*

ಹುಮನಾಬಾದ್
24 ಅಕ್ಟೋಬರ್ 1997

ಅಕ್ಕನವರಿಗೆ,

ತುಪ್ಪದ ಡಬ್ಬಿಯನ್ನು ಮುಚ್ಚಳ ತೆಗೆಯದೆ ವಾಪಸ್ ಕಳಿಸುತ್ತಿದ್ದೇನೆ. ಈ ವಿಷಯ ನಡೆದಿರುವಷ್ಟು ದಿನ ನಿಮ್ಮಿಂದ ನಾನು ಏನನ್ನೂ ತೆಗೆದುಕೊಳ್ಳುವಂತಿಲ್ಲ. ನಿಮ್ಮ ಮನೆಗೂ ಬರುವಂತಿಲ್ಲ.

ಕೊಳೆಯುವ ಹೊಲಸು ನೀರಿನಲ್ಲಿ ಎಷ್ಟಿದೆ ಎಂದು ಅಳೆಯುವ ಪರೀಕ್ಷೆ ಒಂದಿದೆ. ಹಳ್ಳಕ್ಕೆ ಬಿಡುವ ನೀರಿನಲ್ಲಿ ಅದು ಮೂವತ್ತನ್ನು ದಾಟಬಾರದು. ನಿಮ್ಮ ಗಟಾರದ ನೀರಿನಲ್ಲಿ ಸಾವಿರದ ಆರುನೂರು ಬಂದಿದೆ. ಕಚೇರಿಯಿಂದ ನೋಟೀಸು ಬರುತ್ತದೆ. ಓದಿ ಗಾಬರಿಯಾಗಬೇಡಿ.

ಮುಜಾಫರ್

*

ಬಸವಕಲ್ಯಾಣ
15 ನವೆಂಬರ್ 1997

ಮಾನ್ಯ ಮುಜಾಫರ್ ಸಾಹೇಬರಿಗೆ,

ತಾವು ಕಳಿಸಿದ ನೋಟೀಸು ಮುಟ್ಟಿತು. ತೊಂಬತ್ತು ದಿನದಲ್ಲಿ ಹೊಲಸು ನೀರು ನಿಲ್ಲಿಸಬೇಕು, ಇಲ್ಲವಾದರೆ ಮೋಟಾರಿನ ಕರೆಂಟು ಕಡಿದು ಕೊಟ್ಟಿಗೆಗೆ ಬೀಗ ಹಾಕುತ್ತೇವೆ ಎಂದು ಬರೆದಿದ್ದೀರಿ. ಗಂಡ ಹೋದ ಮೇಲೆ ಮಗಳನ್ನು ಓದಿಸಿದ್ದು, ಮದುವೆ ಮಾಡಿದ್ದು, ಈಗ ಮೊಮ್ಮಗಳನ್ನು ಸಾಕುತ್ತಿರುವುದು ಈ ಕೊಟ್ಟಿಗೆಯಿಂದ. ಇದು ತಮಗೆ ಗೊತ್ತಿಲ್ಲದ ವಿಷಯವಲ್ಲ.

ಕೆಳಗಿನ ಸಹಿ ಯಾರದೆಂದು ನನಗೆ ಕನ್ನಡಕವಿಲ್ಲದೆ ತಿಳಿಯಿತು. ಮೆಟ್ರಿಕ್ ಪಾಸಾದ ವರ್ಷ, "ಮುಂದ ನಾ ಸಾಹೇಬ ಆದಾಗ ಹಿಂಗ ಸಹಿ ಮಾಡ್ತೇನ್ರಿ ಅಕ್ಕಾ" ಎಂದು ಮೇಲಿನ ಕೋಣೆಯ ಗೋಡೆಗೆ ಇದ್ದಿಲಿನಿಂದ ಹತ್ತು ಸಲ ಬರೆದು ತೋರಿಸಿದ್ದಿರಿ. ಪ್ರತಿ ದೀಪಾವಳಿಗೆ ಸುಣ್ಣ ಹಚ್ಚಿಸುವಾಗ ಅಷ್ಟು ಜಾಗ ಬಿಡಿಸುತ್ತ ಬಂದಿದ್ದೇನೆ. ಬರುವ ವರ್ಷ ಬಿಡಿಸುವುದಿಲ್ಲ.

ಗುರುವಾರ ಸ್ವಚ್ಛವಾಗಿಡಿ ಎಂದವರೂ ತಾವೇ. ಇಟ್ಟೆ. ಅದಕ್ಕೆ ಈ ಬಹುಮಾನ. ತುಪ್ಪದ ಡಬ್ಬಿಯನ್ನು ಗೌಸ ತಂದು ಕಟ್ಟೆಯ ಮೇಲೆ ಇಟ್ಟಾಗ ಓಣಿಯವರೆಲ್ಲ ನೋಡಿದರು. ಕೊಟ್ಟದ್ದನ್ನು ಮುಟ್ಟದೆ ಹಿಂದಕ್ಕೆ ಕಳಿಸುವುದು ನಮ್ಮಲ್ಲಿ ಸಂಬಂಧ ಕಡಿದುಕೊಂಡವರು ಮಾಡುವ ಕೆಲಸ.

ಪಾರ್ವತಿಬಾಯಿ

*

ಹುಮನಾಬಾದ್
23 ನವೆಂಬರ್ 1997

ಅಕ್ಕಾ,

ನನ್ನನ್ನು ಸಾಹೇಬ ಅನ್ನಬೇಡಿ. ಬೈಯಿರಿ, ಹೊಡೆಯಿರಿ, "ನೀವು" ಅನ್ನಬೇಡಿ. 

ಸಹಿ ನನ್ನದೇ. ಕಡತ ನನ್ನ ಮೇಜಿಗೆ ಬಂದದ್ದು ಆಗಸ್ಟಿನಲ್ಲಿ. ನೀವು ಗಿಣ್ಣ ಕಳಿಸಿದ ದಿನವೇ ಅದು ನನ್ನ ಮುಂದಿತ್ತು. ಅದಕ್ಕೇ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದೆ, ಸುಮ್ಮನೆ ಅಲ್ಲ. ನೇರವಾಗಿ ಹೇಳುವ ಧೈರ್ಯ ಬರಲಿಲ್ಲ. ಆಮೇಲೆ ಕದ್ದು ಒಂದು ಸೂಚನೆ ಕೊಟ್ಟೆ, ಅದನ್ನೂ ಅರ್ಧ ಕೊಟ್ಟೆ. "ಸ್ವಚ್ಛ" ಎಂದರೆ ನೀವು ನೆಲ ಅಂದುಕೊಂಡಿರಿ, ಮತ್ತೇನು ಅಂದುಕೊಳ್ಳಬೇಕಿತ್ತು? ಮನೆಗೆ ಯಾರಾದರೂ ಬರುತ್ತಾರೆ ಎಂದರೆ ನೀವು ತೊಳೆಯುವವರು. ನಾನು ಅದನ್ನು ತಿಳಿದಿರಬೇಕಿತ್ತು. ನೀವು ಮೂರು ತಾಸು ತೊಳೆದದ್ದೆಲ್ಲ ನೇರ ಆ ಬಾಟಲಿಗೆ ಬಂತು. ಬೇರೆ ದಿನವಾಗಿದ್ದರೆ ನಾನೂರೋ ಐನೂರೋ ಬರುತ್ತಿತ್ತು. ಆದರೆ ಅಕ್ಕಾ, ಐನೂರು ಬಂದಿದ್ದರೂ ನಾನು ಸಹಿ ಹಾಕುತ್ತಿದ್ದೆ.

ದೂರು ಕೊಟ್ಟವರು ಶಾಲೆಯ ಹೆಡ್ ಮಾಸ್ತರರು. ಶಾಲೆಯ ಬಾವಿ ಹಳ್ಳದಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿದೆ. ಮಳೆಗಾಲದಲ್ಲಿ ಹಳ್ಳದ ನೀರು ಅದರೊಳಗೆ ಬಸಿಯುತ್ತದೆ. ಆಗಸ್ಟಿನಿಂದ ಹನ್ನೊಂದು ಮಕ್ಕಳು ವಾಂತಿಭೇದಿಯಿಂದ ಮಲಗಿದ್ದಾರೆ. ಮಾಸ್ತರರು ಹೆಸರುಗಳ ಪಟ್ಟಿ ಕಳಿಸಿದ್ದಾರೆ. ಒಂಬತ್ತನೆಯ ಹೆಸರು ಸ್ನೇಹಲ್.

ಯಾಕೆ ಹೇಳಲಿಲ್ಲ ಅಕ್ಕಾ?

ಕೇಳಿ, ದಾರಿ ಇದೆ. ಮೊದಲು ಸಲಿಕೆಯಿಂದ ಸಗಣಿಯನ್ನು ನೀರು ಹಾಕದೆ ಹಾಗೆಯೇ ಎತ್ತಿ ತಿಪ್ಪೆಗೆ ಹಾಕಿ, ಹಿಂದೆ ಮಾಡುತ್ತಿದ್ದ ಹಾಗೆ. ಆಮೇಲೆ ನೀರು ಬಿಡಿ, ಕಾಲುಭಾಗ ನೀರು ಸಾಕಾಗುತ್ತದೆ. ಆ ನೀರು ನಿಂತು ತಿಳಿಯಾಗಲು ಎರಡು ಹೊಂಡ ಬೇಕು. ನಕ್ಷೆ ಬರೆದು ಇದರ ಜೊತೆ ಇಟ್ಟಿದ್ದೇನೆ.

ಮುಜಾಫರ್

*

ಹುಮನಾಬಾದ್
30 ಜನವರಿ 1998

ಅಕ್ಕಾ,

ಎರಡು ತಿಂಗಳಾಯಿತು, ನಿಮ್ಮ ಅಕ್ಷರ ಕಂಡಿಲ್ಲ. ಇಂದು ಈದ್. ನಿಮ್ಮ ಕೋಣೆಯಲ್ಲಿದ್ದ ಮೂರು ವರ್ಷವೂ ಈದಿನ ಹಿಂದಿನ ಸಂಜೆ ನೀವು ಎರಡು ಚೊಂಬು ಗಟ್ಟಿ ಹಾಲು ಹುಲಸೂರಿನ ನಮ್ಮ ಮನೆಗೆ ಕಳಿಸುತ್ತಿದ್ದಿರಿ. ಅಮ್ಮಿ ಅದರಲ್ಲೇ ಶಾವಿಗೆ, ಖರ್ಜೂರ ಹಾಕಿ ಶೀರ್ ಖುರ್ಮಾ ಮಾಡುತ್ತಿದ್ದರು. ಈ ಸಲ ಪಾಕೀಟಿನ ಹಾಲಿನಲ್ಲಿ ಮಾಡಿದೆವು. ತಹಸೀನ್ ಚೆನ್ನಾಗಿಯೇ ಮಾಡಿದ್ದಳು. ನಾನು ಎರಡು ಚಮಚ ತಿಂದು ಬಟ್ಟಲು ಸರಿಸಿದೆ.

ಸ್ನೇಹಲ್ ಹೇಗಿದ್ದಾಳೆ ಎಂಬ ಒಂದು ಸಾಲು ಬರೆದರೂ ಸಾಕು.

ಮುಜಾಫರ್

*

ಬಸವಕಲ್ಯಾಣ
18 ಫೆಬ್ರುವರಿ 1998

ಮುಜಾಫರ್,

ಸ್ನೇಹಲ್ ಆರಾಮಿದ್ದಾಳೆ. ಮೊದಲು ಅದು.

ಯಾಕೆ ಹೇಳಲಿಲ್ಲ ಎಂದು ನೀನು ಕೇಳಿದ್ದೆ. ಸೆಪ್ಟೆಂಬರಿನಲ್ಲಿ ನಾಲ್ಕು ದಿನ ಮನೆಯಲ್ಲಿದ್ದಾಳೆ ಎಂದು ಬರೆದೆನಲ್ಲ, ಆಗ ಮಗುವಿನ ಕಣ್ಣು ಒಳಗೆ ಹೋಗಿದ್ದವು. ಡಾಕ್ಟರು ಸಲೈನ್ ಹಚ್ಚಿದ್ದರು. ನಾನು ಎಲ್ಲರಿಗೂ ಶಾಲೆಯ ಗೇಟಿನ ಮುಂದೆ ಮಾರುವ ಪೇರಲಹಣ್ಣು ತಿಂದದ್ದಕ್ಕೆ ಎಂದು ಹೇಳಿದೆ. ನನಗೂ ಅದನ್ನೇ ಹೇಳಿಕೊಂಡೆ. ಅದರ ಹಿಂದಿನ ವಾರವಷ್ಟೇ ನಿನ್ನ ಪತ್ರ ಬಂದಿತ್ತು, ನೀರು ಎಲ್ಲಿಗೆ ಹೋಗುತ್ತದೆ ಎಂದು. ನನಗೆ ಎಲ್ಲೋ ಗೊತ್ತಾಗಿತ್ತು, ತಮ್ಮಾ. ಗೊತ್ತಾದದ್ದನ್ನು ಬರೆದರೆ ನಿಜವಾಗಿಬಿಡುತ್ತದೆ ಎಂದು ಹೆದರಿದೆ. ಅದಕ್ಕೆ ನಿನ್ನನ್ನು ಗೇಲಿ ಮಾಡಿ ಪತ್ರ ಮುಗಿಸಿದೆ.

ನಿನ್ನ ಪಟ್ಟಿ ಬಂದ ಮೇಲೂ ಒಂದೂವರೆ ತಿಂಗಳು ನಿನ್ನ ಮೇಲೆ ಸಿಟ್ಟಿನಲ್ಲೇ ಇದ್ದೆ. ಸಂಕ್ರಾಂತಿಯ ಮರುದಿನ ಶಾಲೆ ಬಿಟ್ಟ ಮೇಲೆ ಒಬ್ಬಳೇ ಹೋಗಿ ಆ ಬಾವಿಗೆ ಕೊಡ ಇಳಿಸಿದೆ. ಮೂಗಿನ ಹತ್ತಿರ ತಂದೆ. ಅದು ಯಾವ ವಾಸನೆ ಎಂದು ನನಗೆ ಬಾಟಲಿ, ಅರಗು, ಮಂಜುಗಡ್ಡೆ ಏನೂ ಬೇಕಾಗಲಿಲ್ಲ. ನಲವತ್ತು ವರ್ಷ ಅದರಲ್ಲೇ ಬದುಕಿದ್ದೇನೆ. ಅಲ್ಲೇ ಕಟ್ಟೆಯ ಮೇಲೆ ಕೂತು ಅತ್ತೆ. ನನ್ನ ಕೈಯಾರೆ ನನ್ನ ಕೂಸಿಗೆ ಕುಡಿಸಿದೆನಲ್ಲ ಎಂದು.

ಮರುದಿನದಿಂದ ಮುನ್ನಿ ಬೀ ಮತ್ತು ನಾನು ಸಲಿಕೆ ಹಿಡಿದಿದ್ದೇವೆ. ಎರಡು ಹೊಂಡ ತೋಡಿಸಿದ್ದೇನೆ. ನಿನ್ನ ನಕ್ಷೆಯಲ್ಲಿ ಮೊದಲ ಹೊಂಡ ಬೇವಿನ ಮರದ ಬೇರಿನ ಮೇಲೆಯೇ ಇತ್ತು, ಕೋಣೆಯಿಂದ ದಿನಾ ನೋಡುತ್ತಿದ್ದ ಮರವನ್ನೇ ಮರೆತಿದ್ದೀಯ.

ಸಿರಾಜುದ್ದೀನ್ ಮೊನ್ನೆ ಬಂದು ಹೊಂಡ ನೋಡಿ ಇನ್ನು ಮೂರು ತಿಂಗಳು ಗಡುವು ಕೊಟ್ಟರು. ಅವರಿಂದ ಇನ್ನೊಂದು ಮಾತು ತಿಳಿಯಿತು. "ಅಂವಾ ನಿಮಗ ಮೊದಲೇ ಸುದ್ದಿ ಕೊಟ್ಟಿದ್ದು ತಪ್ಪಂತ ತಾನೇ ಬರೆದು ದೊಡ್ಡ ಸಾಹೇಬ್ರಿಗೆ ಕೊಟ್ಟಾನ್ರಿ ಬಾಯಿ. ಹೊರಗಿನ ಕೆಲಸದಿಂದ ತಗದು ಲ್ಯಾಬಿನಾಗ ಕೂರಿಸ್ಯಾರ" ಎಂದರು. ಯಾರು ಹೇಳಿದರೋ ನಿನಗೆ ಹಾಗೆ ಮಾಡು ಎಂದು? ಪತ್ರ ನನ್ನ ಟ್ರಂಕಿನಲ್ಲಿತ್ತು, ನಾನೇನು ತೋರಿಸುತ್ತಿದ್ದೆನೇ? ಮೂರ್ಖ. ದೊಡ್ಡ ಸಾಹೇಬರ ಎದುರು ಸತ್ಯವಂತನಾಗುವ ಬದಲು ಮೊದಲ ದಿನವೇ ನನ್ನೆದುರು ಆಗಿದ್ದರೆ ಇಬ್ಬರಿಗೂ ಇಷ್ಟು ಆಗುತ್ತಿರಲಿಲ್ಲ.

ಈದ್ ಹಬ್ಬದ ನಿನ್ನ ಪತ್ರ ಓದಿದ ದಿನದ ಹಾಲು ಯಾರಿಗೂ ಹಾಕಲು ಮನಸ್ಸಾಗಲಿಲ್ಲ.

ಅಕ್ಕ

*

ಹುಮನಾಬಾದ್
2 ಮೇ 1998

ಅಕ್ಕಾ,

ನೀವು "ಮೂರ್ಖ" ಎಂದು ಬರೆದದ್ದನ್ನು ತಹಸೀನಳಿಗೆ ಎರಡು ಸಲ ಓದಿ ತೋರಿಸಿದೆ. ಅಷ್ಟು ಸಂತೋಷವಾಯಿತು.

ಈಗಿನದು ಸಂತೋಷದ ಸುದ್ದಿ ಅಲ್ಲ. ಲ್ಯಾಬಿಗೆ ಬರುವ ಬಾಟಲಿಗೆ ಹೆಸರಿರುವುದಿಲ್ಲ, ನಂಬರು ಮಾತ್ರ. ಹೋದ ವಾರ ಒಂದು ಬಾಟಲಿಯಲ್ಲಿ ಎಂಬತ್ನಾಲ್ಕು ಬಂತು, ಬರೆದೆ. ಆಮೇಲೆ ಸಿರಾಜುದ್ದೀನ್ ಹೇಳಿದರು, ಅದು ನಿಮ್ಮದಂತೆ. ಗೊತ್ತಿದ್ದರೂ ಅದನ್ನೇ ಬರೆಯುತ್ತಿದ್ದೆ. ಮೂವತ್ತು ಎಂದರೆ ಮೂವತ್ತೇ. ದೀಪಾವಳಿಯ ತನಕ ಕೊನೆಯ ಗಡುವು ಎಂದು ದೊಡ್ಡ ಸಾಹೇಬರು ಬರೆದಿದ್ದಾರೆ. ಆಮೇಲೆ ಹದಿನೆಂಟೂ ಎಮ್ಮೆಗಳ ಹಗ್ಗ ಬಿಚ್ಚಿ ಮಾರಬೇಕಾಗುತ್ತದೆ.

ಮುಜಾಫರ್

*

ಬಸವಕಲ್ಯಾಣ
14 ಮೇ 1998

ತಮ್ಮಾ,

ಸಾವಿರದ ಆರುನೂರರಿಂದ ಎಂಬತ್ನಾಲ್ಕಕ್ಕೆ ಇಳಿಸಿದ ಹೆಂಗಸಿಗೆ ಒಂದು ಭೇಷ್ ಅನ್ನಲಿಲ್ಲ ನೀನು. ನಿಮ್ಮ ಕಚೇರಿಯಲ್ಲಿ ಭೇಷ್ ಅನ್ನಲೂ ಮೇಲಿನವರ ಅಪ್ಪಣೆ ಬೇಕೇನು?

ಪತ್ರ ಓದಿದ ದಿನ ಎಮ್ಮೆಗಳ ಮುಂದೆ ಒಂದು ಸುತ್ತು ನಡೆದೆ. ಯಾವುದರ ಹಗ್ಗ ಮೊದಲು ಬಿಚ್ಚಲಿ? ಗಂಗಿ ನನ್ನ ಸೆರಗು ನೆಕ್ಕಿದಳು. ಹೊರಗೆ ಬಂದು ಚಪ್ಪಲಿ ಮೆಟ್ಟಿ ಮಹಾರುದ್ರಪ್ಪನ ಮನೆಗೆ ಹೋದೆ.

ಹಿತ್ತಲಿಗೆ ಹೊಂದಿದ ಹೊಲದ ಮಹಾರುದ್ರಪ್ಪನ ನೆನಪಿದೆಯಲ್ಲ? ಬದುವಿನ ಜಗಳದಲ್ಲಿ ನಮ್ಮವರು ಅವನ ಜೊತೆ ಮಾತು ಬಿಟ್ಟಿದ್ದರು, ಅವರು ಹೋದ ಮೇಲೆ ನಾನೂ ಬಿಟ್ಟೇ ಇದ್ದೆ. ಹದಿನಾಲ್ಕು ವರ್ಷ. ಅವನ ಕಟ್ಟೆಯ ಮೇಲೆ ಕೂತು, "ಅಣ್ಣಾ, ನನ್ನ ಹೊಂಡದ ನೀರ ನಿನ್ನ ಹೊಲಕ್ಕ ತಗೋ. ಮೇವಿನ ಹುಲ್ಲ ಹಚ್ಚು, ಹುಲ್ಲ ಅರ್ಧ ನಿಂದು ಅರ್ಧ ನಂದು" ಅಂದೆ.

ಅವನು ನನ್ನನ್ನು ಮೇಲಿನಿಂದ ಕೆಳಗೆ ನೋಡಿದ. "ಹದಿನಾಕ ವರ್ಷ ಬಿಟ್ಟು ಬಂದೀ, ಅದೂ ಹೆಂಡಿ ನೀರ ಹಿಡಕೊಂಡು ಬಂದೀ ನೋಡವ್ವಾ" ಎಂದ. ಆಮೇಲೆ ಒಳಗೆ ತಿರುಗಿ, "ಏ, ಪಾರ್ವತಿ ಬಂದಾಳ, ಚಾ ಇಡ್ರಿ" ಎಂದು ಕೂಗಿದ. ನನಗೆ ನಗೆಯೂ ಬಂತು, ಅಳುವೂ ಬಂತು. ಕಾಲುವೆ ತೋಡುವುದು ಸೋಮವಾರದಿಂದ. ಇನ್ನು ಹಳ್ಳಕ್ಕೆ ಒಂದು ಹನಿಯೂ ಬೀಳದು. ಆಗ ನೀನು ಬಾಟಲಿಯಲ್ಲಿ ಏನು ಹಿಡಿಯುತ್ತೀ, ನೋಡುತ್ತೇನೆ.

ಅಕ್ಕ

*

ಬಸವಕಲ್ಯಾಣ
8 ನವೆಂಬರ್ 1998

ತಮ್ಮಾ,

ದೀಪಾವಳಿ ಆಯಿತು, ಎಮ್ಮೆಗಳು ಹಗ್ಗದಲ್ಲೇ ಇವೆ. ಮೊನ್ನೆ ಸಿರಾಜುದ್ದೀನ್ ಬಂದು ಹಳ್ಳದ ಬಾಯಿಗೆ ಬಾಟಲಿ ಹಿಡಿದು ಕಾಲು ತಾಸು ನಿಂತರು. ಒಂದು ಹನಿ ಬೀಳಲಿಲ್ಲ. "ಖಾಲಿ ಬಾಟ್ಲಿ ಒಯ್ದು ಏನಂತ ಬರೀಲ್ರಿ ಬಾಯಿ?" ಎಂದರು. "ಖಾಲಿ ಅಂತ ಬರೀರಿ" ಅಂದೆ.

ಈ ಸಲ ಮಾತ್ರ ಚಹಾ ಕುಡಿಯಿರಿ ಎಂದು ನಾನು ಕೇಳಲಿಲ್ಲ. ಪಾಪ, ಅವರಿಗೆ ಪ್ರತಿ ಸಲ ಬೇಡ ಎನ್ನುವ ಕಷ್ಟ ಯಾಕೆ?

ಶಾಲೆಯ ಬಾವಿಯ ನೀರನ್ನೆಲ್ಲ ಎತ್ತಿಸಿ, ಕೆಸರು ತೆಗೆಸಿ, ಔಷಧಿ ಪುಡಿ ಹಾಕಿಸಿದ್ದೇವೆ. ನನ್ನದೇ ಮೋಟಾರು. ಮಹಾರುದ್ರಪ್ಪನ ಹುಲ್ಲು ಎದೆಯುದ್ದ ಬಂದಿದೆ.

ಸುಣ್ಣ ಹಚ್ಚುವ ಖಮರುದ್ದೀನ್ ಮೇಲಿನ ಕೋಣೆಯಿಂದ ಕೂಗಿ ಕೇಳಿದ, "ಬಾಯಿ, ಈ ಸಲಾನೂ ಇಷ್ಟ ಜಾಗಾ ಬಿಡ್ಲೇನ್ರಿ?" ನಾನು ಕೆಳಗೆ ಹಾಲು ಕರೆಯುತ್ತಿದ್ದೆ. ಬಿಡು ಅಂದೆ.

ಅಕ್ಕ

*

ಹುಮನಾಬಾದ್
4 ಡಿಸೆಂಬರ್ 1998

ಅಕ್ಕಾ,

ಭೇಷ್!

ಇದಕ್ಕೆ ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ನಿಮ್ಮ ಕೊಟ್ಟಿಗೆಯ ಕಡತವನ್ನು ಈ ಮಂಗಳವಾರ ದೊಡ್ಡ ಸಾಹೇಬರು ಮುಚ್ಚಿದರು. ಹಳ್ಳಕ್ಕೆ ನೀರು ಬಿಡುತ್ತಿಲ್ಲ ಎಂದು ಬರೆದು ಸಹಿ ಹಾಕಿದ್ದಾರೆ. ಸಹಿ ನನ್ನದಲ್ಲ ಎಂಬುದೊಂದೇ ನನ್ನ ಕೊರತೆ.

ಆದರೆ ಬಾವಿ ಇನ್ನೂ ಪಾಸಾಗಿಲ್ಲ. ಹಳ್ಳ ತೊಳೆದಷ್ಟು ಬೇಗ ನೆಲದೊಳಗಿನ ನೀರು ತೊಳೆದುಹೋಗುವುದಿಲ್ಲ. ಇನ್ನೊಮ್ಮೆ ಎತ್ತಿಸಿ, ಔಷಧಿ ಹಾಕಿಸಿ. ಜನವರಿಯಲ್ಲಿ ಸಿರಾಜುದ್ದೀನ್ ಮತ್ತೆ ಬರುತ್ತಾರೆ. ಅಲ್ಲಿಯತನಕ ಈಗಿನಂತೆಯೇ ಮಕ್ಕಳಿಗೆ ಕುದಿಸಿದ ನೀರನ್ನೇ ಕೊಡಿ.

ಮುಜಾಫರ್

*

ಬಸವಕಲ್ಯಾಣ
11 ಜನವರಿ 1999

ತಮ್ಮಾ,

ಸಿರಾಜುದ್ದೀನ್ ಇಂದು ಬೆಳಿಗ್ಗೆ ಬಾವಿಯಿಂದ ಬಾಟಲಿ ತುಂಬಿಕೊಂಡು ಹೋದರು. ಅವರು ಹೋದ ಮೇಲೆ ಸ್ನೇಹಲ್ ಹಗ್ಗ ಹಿಡಿದಳು, ನಾನು ಹಿಂದೆ ನಿಂತು ಹಿಡಿದೆ, ಇಬ್ಬರೂ ಸೇರಿ ಇನ್ನೊಂದು ಕೊಡ ಎಳೆದೆವು.

ನೀನು ಹಿಂದಕ್ಕೆ ಕಳಿಸಿದ ತುಪ್ಪದ ಡಬ್ಬಿಯನ್ನು ನಾನು ಅವತ್ತಿನಿಂದ ತೆರೆದಿರಲಿಲ್ಲ. ಗೂಡಿನಲ್ಲಿ ಹಾಗೆಯೇ ಕೂತಿತ್ತು. ನೋಡಿದಾಗೆಲ್ಲ ಸಂಕಟವಾಗುತ್ತಿತ್ತು. ಇವತ್ತು ತೆರೆದೆ. ಕಮಟು ಹಿಡಿದಿತ್ತು, ದೀಪಕ್ಕೆ ಇಟ್ಟೆ. ಡಬ್ಬಿಯನ್ನು ಬೂದಿ ಹಾಕಿ ಮೂರು ಸಲ ತಿಕ್ಕಿ, ಬಿಸಿನೀರಿನಲ್ಲಿ ತೊಳೆದು, ಬಾವಿಯ ನೀರು ತುಂಬಿ ಗೌಸನ ಕೈಗೆ ಕೊಟ್ಟಿದ್ದೇನೆ.

ನಾನು ಬೆಳಿಗ್ಗೆಯೇ ಒಂದು ಚೊಂಬು ಕುಡಿದೆ. ಸ್ನೇಹಲ್‌ಗೆ ಇನ್ನೂ ಕೊಟ್ಟಿಲ್ಲ. ನೀನು ಹೇಳುವ ತನಕ ಕೊಡುವುದಿಲ್ಲ.

ಅಕ್ಕ

*

ಹುಮನಾಬಾದ್
15 ಜನವರಿ 1999

ಅಕ್ಕಾ,

ಡಬ್ಬಿ ಸೋಮವಾರ ಮಧ್ಯಾಹ್ನವೇ ಮುಟ್ಟಿತು. ಗಿಣ್ಣದ ಡಬ್ಬಿಯಲ್ಲಿ ಬಂದ ನೀರು ನಮ್ಮ ಪರೀಕ್ಷೆಗೆ ನಡೆಯುವುದಿಲ್ಲ. ಅದಕ್ಕೆ ನಮ್ಮದೇ ಬಾಟಲಿ ಬೇಕು, ಅರಗು ಬೇಕು, ಮಂಜುಗಡ್ಡೆ ಬೇಕು. ಹಾಗಾಗಿ ಕುಡಿಯುವುದೊಂದೇ ಉಳಿಯಿತು.

ಸಿರಾಜುದ್ದೀನರ ಬಾಟಲಿ ಆಗಿನ್ನೂ ಲ್ಯಾಬಿನ ಬೆಂಚಿನ ಮೇಲಿತ್ತು. ಫಲಿತಾಂಶಕ್ಕೆ ಮೂರು ದಿನ ಕಾಯಬೇಕಿತ್ತು. "ನೀವೇ ಎಲ್ಲಾರಿಗೂ ಕಾಯ್ರಿ ಅಂತೀರಿ, ನೀವೇ ಹಿಂಗ ಮಾಡ್ತೀರೇನ್ರಿ?" ಎಂದು ತಹಸೀನ್ ಕೈ ಹಿಡಿದಳು. ರಂಜಾನ್ ನಡೆದಿದೆ, ಬೆಳಗಿನಿಂದ ಬಾಯಿಗೆ ಹನಿ ಹಾಕಿರಲಿಲ್ಲ. ಸಂಜೆ ಅಜಾನ್ ಆದ ಕೂಡಲೇ ಒಂದು ಖರ್ಜೂರ ತಿಂದು, ನಿಮ್ಮ ನೀರಿನಿಂದಲೇ ಆ ದಿನದ ರೋಜಾ ಬಿಟ್ಟೆ. ಸಿಹಿಯಾಗಿತ್ತು ಅಕ್ಕಾ. ಸ್ವಲ್ಪ ತುಪ್ಪದ ವಾಸನೆಯೂ ಇತ್ತು, ಸುಳ್ಳು ಯಾಕೆ ಹೇಳಲಿ?

ಬಾಟಲಿಯ ಫಲಿತಾಂಶ ನಿನ್ನೆ ಬಂತು. ಬಾವಿ ಪಾಸಾಗಿದೆ. ಸ್ನೇಹಲ್‌ಗೆ ಕೊಡಿ.

ಬುಧವಾರ ಈದ್ ಆಗಬಹುದು. ಈ ಪತ್ರದ ಜೊತೆ ಗೌಸನ ಕೈಯಲ್ಲಿ ಡಬ್ಬಿ ಕಳಿಸುತ್ತಿದ್ದೇನೆ. ಪೇಡೆ ಇಡಲೇ ಎಂದು ತಹಸೀನ್ ಕೇಳಿದಳು, ಬೇಡ ಅಂದೆ. ಒಂದು ಹಿಡಿ ಸಕ್ಕರೆಯಾದರೂ ಹಾಕಲೇ ಎಂದಳು, ಅದೂ ಬೇಡ ಅಂದೆ. ಮುಚ್ಚಳ ತೆಗೆದು ನೋಡಿ, ಒಳಗೆ ಏನೂ ಇಲ್ಲ. ಮರೆತು ಕಳಿಸಿದ್ದಲ್ಲ. ಪೂನಂ ಕಳಿಸುವ ಹಾಗೆಯೇ ಖಾಲಿ ಕಳಿಸಿದ್ದೇನೆ.

ಶೀರ್ ಖುರ್ಮಾಕ್ಕೆ ಹಾಲು ಬೇಕು.

ನಿಮ್ಮ ಮನೆಯ ಹುಡುಗ
ಮುಜಾಫರ್